ಅಗ್ಗದ ಕಾವಲುಗಾರ

ಪವಾಯಿಯ ಐ.ಐ.ಟಿ.ಯವರು ತಮ್ಮ ‘ಗ್ರಾಮಮಾರ್ಗ’ ಯೋಜನೆಯಿಂದ ಪಾಲ್ಘರ್ ಜಿಲ್ಲೆಯ ಹಳ್ಳಿಗಳಿಗೆ ನಿಸ್ತಂತು ಇಂಟರ್‌ನೆಟ್ ಒಯ್ದುದನ್ನು ವಾಚಕರಲ್ಲಿ ಕೆಲವರು ಬಲ್ಲರು. 2017ರಲ್ಲಿ ಅದಕ್ಕೆ ಮೊಜಿಲ್ಲಾ ಸಂಸ್ಥೆಯ ಬಹುಮಾನವೂ ಬಂದಿತು. ಆದರೆ ಇಂಥ ದೂರದ ಕಂಬದ ಮೇಲಿನ ಯಂತ್ರ ಮೂಕವಾದಾಗ ಕೆಟ್ಟುದು ಯಂತ್ರವೋ, ಹೋದದ್ದು ಕರೆಂಟೋ? ಅದನ್ನು ತಿಳಿಸಲು ಅಲ್ಲೇ ಒಬ್ಬ ಕಾವಲುಗಾರ ಬೇಕು. ವೃದ್ಧ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಬಂದ ನಮಗೆ ಇದು ಮನೆಯ ಪ್ರಶ್ನೆಯೂ ಹೌದು. ಅವರ ಮುಖ ಕಾಣುವುದು ಆ ವೈಫೈಯಿಂದಲೇ.

ಮೂಲೆಯಲ್ಲಿ ಬಿದ್ದ ಹಳೆಯ ಕಂಪ್ಯೂಟರನ್ನೇ ಕಾವಲಿಗಿಟ್ಟರೆ ಖರ್ಚಿಲ್ಲವೆಂದು ತೋರುತ್ತದೆ. ಅದು 60 ವಾಟ್ ನುಂಗುವುದಾದರೆ, ಹಗಲಿರುಳು ನಡೆದು ತಿಂಗಳಿಗೆ ಸುಮಾರು 43 ಯೂನಿಟ್ ಆಯಿತು. 2012ರಲ್ಲಿ 35 ಡಾಲರಿಗೆ ಹೊರಬಂದ ರಾಸ್ಪ್‌ಬೆರಿ ಪೈ ಜಾತಿಯ ಅಂಗೈಯಗಲದ ಯಂತ್ರವಾದರೋ ಹಗುರ ಕೆಲಸಕ್ಕೆ ಸುಮಾರು 3 ವಾಟಿನಲ್ಲಿ ತೃಪ್ತ. ತಿಂಗಳಿಗೆ ಎರಡೇ ಯೂನಿಟ್ಟು. ಕರೆಂಟು ಹೋದರೂ ಪುಟ್ಟ ಬ್ಯಾಟರಿಯೊಂದು ಅದನ್ನು ಗಂಟೆಗಟ್ಟಲೆ ಸಾಕುತ್ತದೆ.

ಅದಕ್ಕೂ ಒಂದು ದೌರ್ಬಲ್ಯವುಂಟು. ಕರೆಂಟು ಥಟ್ಟನೆ ಕಡಿದರೆ ಅದರ ಮೆಮೊರಿ ಕಾರ್ಡು ಕೆಡಬಹುದು. ಆದುದರಿಂದ ಕಾರ್ಡಿಗೆ ಅಪರೂಪಕ್ಕೆ ಬರೆಯುವ ಏರ್ಪಾಡು, ನಿಂತರೆ ತಾನೇ ಮತ್ತೆ ಏಳುವ ಗುಣ, ಸುದ್ದಿ ಮುಟ್ಟಿಸಲು ಮೊಬೈಲ್ ಸಿಮ್ಮಿನ ಬೇರೆ ದಾರಿ—ಈ ಮೂರನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಕಾರ್ಡಿನ ನಕಲೊಂದು ನೆರೆಮನೆಯವರಲ್ಲಿ ಇರಲಿ.

ಐನೂರು ರೂಪಾಯಿ ಉಳಿಸಿ ಕೊಂಡ ಯಂತ್ರ ಮಲಗಿದರೆ, ಅದನ್ನು ಎಬ್ಬಿಸಲು ಮುಂಬಯಿಯಿಂದ ಊರಿಗೆ ರೈಲು ಹತ್ತುವವರು ನಾವೇ. ಅಗ್ಗದ ಲೆಕ್ಕ ಹಾಕುವಾಗ ಆ ಟಿಕೆಟ್ಟಿನ ಹಣವನ್ನೂ ಕೂಡಿಸಿ ನೋಡೋಣ.