ಮರಿಗಳ ಲೆಕ್ಕವಿದೆ, ತಾಯಿ ಮೀನಿನ ಲೆಕ್ಕವೆಲ್ಲಿ?

ಮುಂಗಾರು ಹಿಡಿದು ಭದ್ರೆಯಲ್ಲಿ ಕೆಂಪು ನೀರು ಏರುವ ಹೊತ್ತಿಗೆ ಬಿ.ಆರ್. ಪ್ರಾಜೆಕ್ಟ್‌ನ ಸರ್ಕಾರಿ ಮೀನುಮರಿ ಕೇಂದ್ರಕ್ಕೆ ಸುಗ್ಗಿ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳು ಕೆರೆಗಳಿಗೆ, ಕೃಷಿ ಹೊಂಡಗಳಿಗೆ, ಜಲಾಶಯಕ್ಕೆ ಹೊರಡುವ ಕಾಲ ಅದು. ನಾವು ಆಗ ಕೇಳುವುದು ಒಂದೇ ಪ್ರಶ್ನೆ: ಈ ಸಲ ಎಷ್ಟು ಲಕ್ಷ ಮರಿ? ಆ ಲಕ್ಷಾಂತರ ಮರಿಗಳಿಗೆ ತಾಯಿ ತಂದೆಯರು ಎಷ್ಟು, ಅವು ಪರಸ್ಪರ ಎಷ್ಟು ಹತ್ತಿರದ ಸಂಬಂಧಿಗಳು ಎಂಬ ಪ್ರಶ್ನೆ ಚರ್ಚೆಗೆ ಬರುವುದೇ ಇಲ್ಲ. ಸಾಕಣೆಯ ಭವಿಷ್ಯ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಕೊಡಬಲ್ಲ ಡಿಎನ್‌ಎ ಗುರುತುಗಳ ಪರೀಕ್ಷೆಯನ್ನು ಮೀನುಮರಿ ಕೇಂದ್ರಗಳಲ್ಲಿ ಕಡ್ಡಾಯ ಮಾಡಬೇಕೆಂಬುದು ನನ್ನ ವಾದ.

ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳಿಂದ ನಮ್ಮಲ್ಲಿಗೆ ತಂದ ಮೀನುಗಳು. ಹಿಂದೆ ಇವುಗಳ ಮರಿಯನ್ನು ಪ್ರವಾಹದ ನೀರಿನಿಂದ ಬಲೆಯಲ್ಲಿ ಸೋಸಿ ತರಬೇಕಿತ್ತು. ಎಷ್ಟೋ ತಾಯಂದಿರ ಮಕ್ಕಳು ಅದರಲ್ಲಿ ತಾನಾಗಿ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಗೆಂಡೆ ಮೀನುಗಳನ್ನು ಮೊಟ್ಟೆಯಿಡಿಸಿದ ಮೇಲೆ ಚಿತ್ರ ಬದಲಾಯಿತು. ದೊಡ್ಡ ಗೆಂಡೆಯೊಂದು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಹಾಗಾಗಿ ಬೆರಳೆಣಿಕೆಯ ತಾಯಿ ಮೀನುಗಳಿಂದಲೇ ಒಂದು ಕೇಂದ್ರದ ಗುರಿ ಮುಟ್ಟಬಹುದು. ನೀಲಿ ಕ್ರಾಂತಿಗೆ ಇದೇ ವರವಾಯಿತು. ಆದರೆ ಅದೇ ಮರಿಗಳಲ್ಲಿ ಕೆಲವನ್ನು ಉಳಿಸಿಕೊಂಡು ಮುಂದಿನ ತಾಯಿ ಮೀನಾಗಿಸಿದರೆ, ಎರಡು ಮೂರು ತಲೆಮಾರಿನಲ್ಲಿ ಒಡಹುಟ್ಟಿದವುಗಳೇ ಕೂಡುವ ಸ್ಥಿತಿ ಬರುತ್ತದೆ. ಹಾಗೆ ಹುಟ್ಟಿದ ಮೀನು ನಿಧಾನ ಬೆಳೆಯುತ್ತದೆ, ಹೆಚ್ಚು ಸಾಯುತ್ತದೆ, ರೋಗಕ್ಕೆ ಬೇಗ ಬಗ್ಗುತ್ತದೆ.

ಇದು ಪುಸ್ತಕದ ಭಯವಲ್ಲ, ನಮ್ಮ ರಾಜ್ಯದಲ್ಲೇ ಲೆಕ್ಕ ಹಾಕಿ ತೋರಿಸಿದ ಅಪಾಯ. ಅಂಬೇಕರ್ ಏಕನಾಥ್ ಮತ್ತು ಕೆನಡಾದ ರೋಜರ್ ಡಾಯ್ಲ್ ಕರ್ನಾಟಕದ ಮೀನುಮರಿ ಕೇಂದ್ರಗಳನ್ನು ಅಭ್ಯಸಿಸಿ 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರಕ್ತಸಂಬಂಧದ ಕೂಡಿಕೆಯ ದರವನ್ನು ಶೇ 2ರಿಂದ ಶೇ 17ರವರೆಗೆ ಅಂದಾಜು ಮಾಡಿದರು. ಶೇ 17 ಎಂದರೆ, ಕೊಳದಲ್ಲಿ ಎಷ್ಟೇ ಮೀನಿರಲಿ, ತಳಿಯ ಲೆಕ್ಕದಲ್ಲಿ ಮೂರೇ ಮೀನು ಇದ್ದಂತೆ. ಉತ್ಪ್ರೇಕ್ಷೆ ಎನಿಸಿದರೆ ಲೆಕ್ಕವನ್ನೇ ನೋಡಿ. ನೂರು ಹೆಣ್ಣು, ಐದು ಗಂಡು ಕೂಡಿದರೆ ಒಟ್ಟು 105 ಮೀನು. ಆದರೆ ಪ್ರತಿ ಮರಿಯ ಅರ್ಧ ಅಂಶ ಆ ಐದು ಗಂಡುಗಳಿಂದಲೇ ಬರಬೇಕಾದ್ದರಿಂದ ಪರಿಣಾಮದಲ್ಲಿ ಅದು 19 ಮೀನಿನ ಗುಂಪು. ತಳಿ ವಿಜ್ಞಾನಿಗಳು ಅಲ್ಪಾವಧಿಗೆ ಕನಿಷ್ಠ 50 ಇರಲಿ ಎನ್ನುತ್ತಾರೆ. ಅಡಿಕೆ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ; ಸಸಿ ಮಾಡಲು ಗೋಟು ಆರಿಸುವಾಗ ಯಾವ ಮರದ್ದು ಎಂದು ಅವರು ನೋಡಿಯೇ ನೋಡುತ್ತಾರೆ.

ಏಕನಾಥ್ ಮತ್ತು ಡಾಯ್ಲ್ ಅವರದು ತಾಯಿ ಮೀನಿನ ನಿರ್ವಹಣೆಯ ವಿವರಗಳಿಂದ ಕಟ್ಟಿದ ಅಂದಾಜು. ಈಗ ಮೀನಿನ ಮೈಯನ್ನೇ ಕೇಳಬಹುದು. ಡಿಎನ್‌ಎಯಲ್ಲಿ ಎರಡು ಮೂರು ಅಕ್ಷರಗಳ ತುಣುಕೊಂದು ಸಾಲಾಗಿ ಮರುಕಳಿಸುವ ಜಾಗಗಳಿವೆ, ಮೈಕ್ರೊಸ್ಯಾಟಲೈಟ್ ಎಂದು ಹೆಸರು. ಒಂದು ಮೀನಿನಲ್ಲಿ ಹತ್ತು ಸಲ ಬಂದದ್ದು ಇನ್ನೊಂದರಲ್ಲಿ ಹದಿನಾಲ್ಕು ಸಲ ಬಂದಿರುತ್ತದೆ. ಈಜುರೆಕ್ಕೆಯ ಚೂರೊಂದನ್ನು ಮದ್ಯಸಾರದಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಟ್ಟರೆ ಸಾಕು, ಮೀನು ಸಾಯಬೇಕಿಲ್ಲ. ಇಂಥ ಹತ್ತಿಪ್ಪತ್ತು ಜಾಗ ನೋಡಿದರೆ ಯಾವ ಮೀನು ಯಾವುದರ ಸಂಬಂಧಿ, ಎಷ್ಟು ವೈವಿಧ್ಯ ಉಳಿದಿದೆ ಎಂಬುದು ತಿಳಿಯುತ್ತದೆ. ಒಂದೇ ತೊಟ್ಟಿಯಲ್ಲಿ ಜೊತೆಗೆ ಮೊಟ್ಟೆಯಿಡಿಸಿದಾಗ ಕಾಟ್ಲಾ ರೋಹು ಬೆರಕೆಯಾಗಿದೆಯೇ ಎಂಬುದನ್ನೂ ಇಂಥ ಗುರುತುಗಳು ಹಿಡಿದುಕೊಡುತ್ತವೆ. ಎಳೆಮರಿಯಲ್ಲಿ ಆ ಬೆರಕೆ ಕಣ್ಣಿಗೆ ಸಿಗುವಂಥದ್ದಲ್ಲ.

ರೈತನಿಗೆ ಬೇಕಾದದ್ದು ಬೇಗ ಬೆಳೆಯುವ ಮೀನು, ವೈವಿಧ್ಯ ಕಟ್ಟಿಕೊಂಡು ಅವನೇನು ಮಾಡಲಿ ಎಂಬ ಆಕ್ಷೇಪ ಬರುತ್ತದೆ. ಆದರೆ ವೈವಿಧ್ಯವಿಲ್ಲದೆ ಆಯ್ಕೆಗೆ ಅವಕಾಶವೇ ಇಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಜಯಂತಿ’ ರೋಹುವನ್ನು ರೂಪಿಸುವಾಗ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ಮೀನುಗಳನ್ನು ತನ್ನ ಕೊಳದ ಮೀನುಗಳೊಂದಿಗೆ ಸೇರಿಸಿತು. ಪ್ರತಿ ತಲೆಮಾರಿಗೆ ಸುಮಾರು ಶೇ 17ರಷ್ಟು ಹೆಚ್ಚು ಬೆಳವಣಿಗೆ ಬಂದದ್ದು ಆ ಅಗಲವಾದ ಬುನಾದಿಯ ಮೇಲೆ. ಬುನಾದಿ ಕಿರಿದಾದರೆ ಏನಾಗುತ್ತದೆ ಎಂಬುದನ್ನು ಸಿಗಡಿ ತೋರಿಸಿದೆ. 2009ರಲ್ಲಿ ಭಾರತ ಒಪ್ಪಿಗೆ ಕೊಟ್ಟ ವನ್ನಾಮೆಯ ತಾಯಿ ಸಿಗಡಿಗಳು ವಿದೇಶದ ಕೆಲವೇ ತಳಿ ಕಂಪನಿಗಳಿಂದ ಬಂದವು. ಹೀಗೆ ಕೊಂಡ ಸಿಗಡಿಯ ಸಂತಾನವನ್ನೇ ಮತ್ತೆ ತಾಯಿಯಾಗಿ ಬಳಸುವ ನಕಲು ಮರಿ ಕೇಂದ್ರಗಳಿಂದ ರಕ್ತಸಂಬಂಧದ ಕೂಡಿಕೆ ಹೆಚ್ಚಿ, ರೋಗಗಳ ಹಾವಳಿಯೂ ಹೆಚ್ಚುತ್ತದೆಂದು 2016ರಲ್ಲಿ ಎಚ್ಚರಿಸಿದವರೂ ಇದೇ ಡಾಯ್ಲ್. ಕರ್ನಾಟಕದ ಗೆಂಡೆಯಲ್ಲಿ ಕಂಡ ತಪ್ಪನ್ನು ಅವರು ಕಾಲು ಶತಮಾನದ ಬಳಿಕ ಸಿಗಡಿಯಲ್ಲಿ ಮತ್ತೆ ಕಂಡರು.

ಈ ಪರೀಕ್ಷೆಗೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಮೈಕ್ರೊಸ್ಯಾಟಲೈಟ್‌ಗಳು ಹೆಚ್ಚಾಗಿ ಯಾವ ಗುಣವನ್ನೂ ನಿರ್ಧರಿಸದ ಜಾಗಗಳು. ಅವು ಮೀನಿನ ರೋಗ ತಾಳುವ ಶಕ್ತಿಯನ್ನು ನೇರವಾಗಿ ಹೇಳವು. ಕೆಟ್ಟ ನೀರಿಗೆ, ಕಳಪೆ ಮೇವಿಗೆ, ಅಕ್ರಮ ಬಲೆಗೆ ಇದು ಮದ್ದಲ್ಲ. ತಾಯಿ ಮೀನಿಗೆ ಗುರುತಿನ ಚಿಪ್ ಹಾಕಿ ದಾಖಲೆ ಇಟ್ಟರೆ ಸಾಲದೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆ ಕೆಲಸ ಮೊದಲು ಆಗಲಿ. ಆದರೆ ತೊಟ್ಟಿಯಲ್ಲಿ ಹತ್ತು ಗಂಡು ಬಿಟ್ಟ ದಾಖಲೆ ಇದ್ದರೂ ಮರಿಗಳಲ್ಲಿ ಬಹುಪಾಲು ಎರಡೇ ಗಂಡಿನವಾಗಿರಬಹುದು. ಆ ಸತ್ಯ ನೋಂದಣಿ ಪುಸ್ತಕಕ್ಕೆ ತಿಳಿಯದು. ಖರ್ಚಿನ ಮಾತಿಗೆ ಬಂದರೆ, ಯಾರೂ ಪ್ರತಿ ಮರಿಯನ್ನು ಪರೀಕ್ಷಿಸಿ ಎನ್ನುತ್ತಿಲ್ಲ. ತಾಯಿ ಮೀನುಗಳು ಮತ್ತು ಮರಿಗಳ ಒಂದು ಮಾದರಿ, ಕೆಲವು ವರ್ಷಕ್ಕೊಮ್ಮೆ.

ಕೊಳದ ಮೀನು ಕೊಳದಲ್ಲೇ ಉಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು. ಕಾವೇರಿಗೆ ಲೋನಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಬಿಟ್ಟದ್ದು ಸದುದ್ದೇಶದಿಂದಲೇ. ಅವು ಹೆಚ್ಚಿದಂತೆ ಆ ನದಿಯದೇ ಆದ ಗೂನುಬೆನ್ನಿನ ಮಹಶೀರ್ ಕುಗ್ಗುತ್ತ ಹೋಗಿ, 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ತುಂಗೆಯಲ್ಲಿ ಶೃಂಗೇರಿಯಿಂದ ತೀರ್ಥಹಳ್ಳಿಯ ಚಿಬ್ಬಲಗುಡ್ಡೆಯವರೆಗೆ ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದ ಸಂತತಿಯಿದೆ. ಆ ನದಿಗೆ ಒಂದು ಮರಿ ಬಿಡುವ ಮೊದಲೂ ಅದರ ಮೂಲ ಗೊತ್ತಿರಬೇಕು.

ಕೆಲಸ ಶುರುಮಾಡಲು ಇಲ್ಲಿಗಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಬಿ.ಆರ್. ಪ್ರಾಜೆಕ್ಟ್‌ನ ಮಗ್ಗುಲಲ್ಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಜೀವತಂತ್ರಜ್ಞಾನ ಕಲಿಯುವ ಮಕ್ಕಳಿದ್ದಾರೆ. ಮೀನುಗಾರಿಕೆ ಇಲಾಖೆ ಮಾದರಿ ಕೊಡಲಿ, ವಿಶ್ವವಿದ್ಯಾಲಯ ಪರೀಕ್ಷಿಸಲಿ, ಫಲಿತಾಂಶ ಮರಿ ಕೊಳ್ಳುವ ರೈತನ ಕೈಗೂ ಸಿಗಲಿ. ಮಳೆಗಾಲಕ್ಕೆ ಮುಂಚೆ ತಾಯಿ ಮೀನುಗಳನ್ನು ಬೇರ್ಪಡಿಸಿ ಮೇವು ಹಾಕುವ ತಿಂಗಳುಗಳಲ್ಲಿ ಪ್ರತಿ ಮೀನೂ ಹೇಗಿದ್ದರೂ ಒಮ್ಮೆ ಕೈಗೆ ಬರುತ್ತದೆ. ಈಜುರೆಕ್ಕೆಯ ಚೂರನ್ನು ಆಗಲೇ ತೆಗೆದುಕೊಳ್ಳಬಹುದು.