ಮೆಸೇಜ್ ಕಳಿಸಿದ್ದೀವಿ ಅಂದ್ರೆ ಮುಗೀತಾ?

"ಡ್ಯಾಮಿಂದ ನೀರು ಬಿಡ್ತಿದ್ದಾರೆ, ನದಿ ದಂಡೆಯವರು ಹುಷಾರು." ಮಳೆಗಾಲ ಬಂತೆಂದರೆ ಹೊಸಪೇಟೆ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಈ ಮೆಸೇಜು ಓಡಾಡುತ್ತದೆ. ಎಲ್ಲರಿಗೂ ಒಂದೇ ಸಲಕ್ಕೆ ತಿಳಿಸಿಬಿಟ್ಟೆವು ಎಂದು ಕಳಿಸಿದವರಿಗೆ ಸಮಾಧಾನ. ನನ್ನ ತಕರಾರು ಆ ಸಮಾಧಾನದ ಮೇಲೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಒಂದು ನೋಡ್ ಕೈಕೊಟ್ಟರೆ ಉಳಿದವೆಲ್ಲ ತಕ್ಷಣ ಲೆಕ್ಕ ಬದಲಿಸಬೇಕು ಅಂತೀವಲ್ಲ, ಅದು ಇದೇ. ಆದರೆ ಆ ಗೇಟುಗಳೆಲ್ಲ ಒಂದೇ ಗೋಡೆಯ ಮೇಲಿವೆ. ಕೆಳಗಿನ ನೋಡುಗಳು ಹಾಗಲ್ಲ. ಹಂಪಿಯ ಹರಿಗೋಲು ಈ ದಡದಲ್ಲಿದೆಯೋ ಆ ದಡದಲ್ಲೋ ಗೊತ್ತಿಲ್ಲ. ನಿನ್ನೆ ಬಂದಿಳಿದ ಪ್ರವಾಸಿಯ ನಂಬರ್ ಯಾವ ಗ್ರೂಪಿನಲ್ಲೂ ಇಲ್ಲ. ನೀರು ಹೆಚ್ಚಾದರೆ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಅವರನ್ನು ಕರೆತರಲು ಹೆಲಿಕಾಪ್ಟರ್ ಬರಬೇಕಾಯಿತು.

ಇವರೆಲ್ಲರೂ ಒಂದೇ ಕ್ಷಣಕ್ಕೆ ಎಚ್ಚೆತ್ತುಕೊಳ್ಳುವಂತೆ ಮಾಡಲು ಆಗುತ್ತಾ? ಆಗಲ್ಲ. ಮೇಲಿನವರು "ಈಗ ಸೇತುವೆ ಮುಚ್ಚು" ಅಂತ ಕಳಿಸುತ್ತಾರೆ. ತಲುಪಿತೋ ಇಲ್ಲವೋ ತಿಳಿಯಲು ಕೆಳಗಿನವರ ಉತ್ತರ ಬೇಕು. ಆ ಉತ್ತರ ತಲುಪಿತು ಎಂದು ಕೆಳಗಿನವರಿಗೆ ತಿಳಿಯಲು ಇನ್ನೊಂದು ಉತ್ತರ ಬೇಕು. ಸಂದೇಶ ದಾರಿಯಲ್ಲಿ ಕಳೆದುಹೋಗಬಹುದಾದರೆ ಈ ಸರಪಳಿಗೆ ಕೊನೆಯೇ ಇಲ್ಲ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇದು "ಇಬ್ಬರು ಸೇನಾಪತಿಗಳ ಸಮಸ್ಯೆ". ಟವರ್ ಹೆಚ್ಚಿಸಿ, ಆ್ಯಪ್ ಮಾಡಿ, ಸೈರನ್ ಹಾಕಿ. ಕಳೆದುಹೋಗುವ ಸಾಧ್ಯತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ನಮ್ಮ ಕ್ಷೇತ್ರದಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ, ಹೆಸರು ಲೀಸ್. ಅನುಮತಿಯನ್ನು ಅವಧಿ ಹಾಕಿ ಕೊಡುವುದು. ಅವಧಿಯೊಳಗೆ ನವೀಕರಣ ಬರದಿದ್ದರೆ ಅದು ತಾನಾಗಿಯೇ ರದ್ದು. ಜಲಾಶಯ ತುಂಬುತ್ತಾ ಬಂದ ದಿನಗಳಲ್ಲಿ ಕಂಪ್ಲಿ ಸೇತುವೆಗೂ ಹಂಪಿಯ ಹರಿಗೋಲಿಗೂ ಇದೇ ನಿಯಮ ಇರಲಿ. ಅಣೆಕಟ್ಟಿನ ಕಡೆಯಿಂದ ಗಂಟೆಗೊಮ್ಮೆ "ಇನ್ನೊಂದು ಗಂಟೆ ಪರವಾಗಿಲ್ಲ" ಅಂತ ಬರಬೇಕು. ನೀರು ಅಲ್ಲಿಗೆ ಹರಿದು ಬರುವ ಹೊತ್ತನ್ನು ಲೆಕ್ಕ ಹಾಕಿಯೇ ಆ ಮಾತು ಹೇಳಬೇಕು. ಬರಲಿಲ್ವಾ? ಗೇಟ್ ಹಾಕಿ, ಹರಿಗೋಲು ದಡಕ್ಕೆಳೆಯಿರಿ. ಯಾರೂ ಯಾರನ್ನೂ ಹುಡುಕಬೇಕಿಲ್ಲ, ನದಿಯಲ್ಲಿ ಎಷ್ಟು ಹರಿಗೋಲಿವೆ ಎಂದು ಎಣಿಸಬೇಕಿಲ್ಲ. ಈಗ ಮೌನ ಅಂದರೆ "ಹೋಗಬಹುದು". ಅದನ್ನು "ನಿಲ್ಲಿ" ಅಂತ ಬದಲಾಯಿಸಬೇಕು, ಅಷ್ಟೇ.

"ನೆಟ್‌ವರ್ಕ್ ಹೋದಾಗೆಲ್ಲ ಸೇತುವೆ ಮುಚ್ಚಿದರೆ ಸಂತೆಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗೋರ ಗತಿ?" ನ್ಯಾಯವಾದ ಪ್ರಶ್ನೆ. ಸುತ್ತು ಬಳಸಿ ಹೋಗಬೇಕಾಗುತ್ತದೆ, ನಷ್ಟ ಆಗುತ್ತದೆ. ಆದರೆ ಆ ನಷ್ಟ ಕಣ್ಣಿಗೆ ಕಾಣುತ್ತದೆ. ಜನ ಬೈಯುತ್ತಾರೆ, ಬೈಸಿಕೊಂಡವರು ವೈರ್‌ಲೆಸ್ ಸೆಟ್ ರಿಪೇರಿ ಮಾಡಿಸುತ್ತಾರೆ. ಈಗಿನ ಪದ್ಧತಿಯಲ್ಲಿ ಸಂದೇಶ ತಲುಪದ್ದು ಗೊತ್ತಾಗುವುದು ಹರಿಗೋಲು ನಡುನೀರಿಗೆ ಹೋದ ಮೇಲೆ.

ಬೆಂಗಳೂರಿನ ನಮ್ಮ ಆಫೀಸುಗಳಲ್ಲಿ ಒಂದು ಸರ್ವರ್ ಕೆಲವು ಸೆಕೆಂಡ್ ಉಸಿರೆತ್ತದಿದ್ದರೆ ಅದನ್ನು ಸತ್ತಿದೆ ಎಂದೇ ಲೆಕ್ಕ ಹಾಕಿ ಪಕ್ಕಕ್ಕಿಡುತ್ತೇವೆ. ಯಾರದೋ ಬಿರಿಯಾನಿ ಆರ್ಡರ್ ತಪ್ಪಬಾರದು ಅಂತ ಇಷ್ಟು ಎಚ್ಚರ. ಹೊಳೆ ದಾಟುವವರಿಗೆ ಮಾತ್ರ ಒಂದು ಫಾರ್ವರ್ಡ್ ಮೆಸೇಜ್ ಸಾಕಾ?