ಆ್ಯಟ್ ದಿ ರೇಟ್ ಪಂಡಿತರು

ಇಮೇಲ್ ಐಡಿ ಹೇಳೋವಾಗ ನಾವೆಲ್ಲ ‘ಆ್ಯಟ್ ದಿ ರೇಟ್’ ಅಂತೀವಿ. ಯಾವ ರೇಟು? ಕೆಜಿಗೆ ಎಷ್ಟು? ಆ ಬಾಲ ಸುತ್ತಿಕೊಂಡ ಚಿಹ್ನೆಯನ್ನು ಅಂಗಡಿ ಲೆಕ್ಕದಲ್ಲಿ ದರ ಬರೆಯಲು ಬಳಸುತ್ತಿದ್ದರು, ನಿಜ. ಆದರೆ 1971ರಲ್ಲಿ ರೇ ಟಾಮ್‌ಲಿನ್ಸನ್ ಅದನ್ನು ಇಮೇಲಿಗೆ ಆರಿಸಿಕೊಂಡಿದ್ದು ದರಕ್ಕಲ್ಲ, ಜಾಗಕ್ಕೆ. ಇಂಥವನು ಇಂಥ ಕಂಪ್ಯೂಟರಿನಲ್ಲಿ ಸಿಗುತ್ತಾನೆ ಅಂತ. ಅಂದರೆ ದಿನವಿಡೀ ನಾವು ಟೈಪ್ ಮಾಡೋದು ಒಂದು ಪ್ರಿಪೊಸಿಷನ್ನನ್ನು. ಅದನ್ನೇ ತಪ್ಪಾಗಿ ಓದುವ ನಾವು ಇನ್ನೊಬ್ಬರ ಪ್ರಿಪೊಸಿಷನ್ ತಿದ್ದಲು ಹೊರಡುತ್ತೇವೆ!

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತು ಇದನ್ನು ನೋಡಿದ್ದೇನೆ. ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಕೇಳಿದ್ದಕ್ಕೆ ಹುಡುಗ ‘ಆ್ಯಟ್ ಎ ವಿಲೇಜ್’ ಅಂದ. ಅವನ ಕೋಡ್ ನೋಡೋ ಮೊದಲೇ ಪಕ್ಕದವರು ‘ಕಮ್ಯುನಿಕೇಶನ್ ವೀಕ್’ ಅಂತ ಗೀಚಿಯಾಗಿತ್ತು. ಪಾಪ, ಅವನು ಹೇಳಿದ್ದು ಶಾಲೆಯ ಸೂತ್ರದ ಪ್ರಕಾರವೇ: ದೊಡ್ಡ ಊರಿಗೆ ಇನ್, ಚಿಕ್ಕ ಊರಿಗೆ ಆ್ಯಟ್. ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲೂ ಹೆಚ್ಚುಕಡಿಮೆ ಹೀಗೇ ಇದೆ.

ಊರಿನ ಗಾತ್ರ ನೋಡಿದರೆ ಸಾಲದು, ನಾವು ಅದನ್ನು ಹೇಗೆ ನೋಡ್ತಿದ್ದೀವಿ ಅನ್ನೋದೇ ಮುಖ್ಯ. ಒಳಗೆ ಬದುಕುವ ಜಾಗ ಅಂದುಕೊಂಡರೆ ಹಟ್ಟಿಗೂ ಇನ್. ದಾರಿಯಲ್ಲಿನ ಒಂದು ಚುಕ್ಕಿ ಅಂದುಕೊಂಡರೆ ಇಷ್ಟು ದೊಡ್ಡ ಬೆಂಗಳೂರಿಗೂ ಆ್ಯಟ್. ರೈಲು ನಿಲ್ಲೋದು ‘ಆ್ಯಟ್ ಬೆಂಗಳೂರು’. ಇದೇನು ನಮಗೆ ಹೊಸದಲ್ಲ. ‘ಬಾವಿಯಲ್ಲಿ ಕಪ್ಪೆ ಇದೆ’, ‘ಬಾಗಿಲಲ್ಲಿ ಯಾರೋ ನಿಂತಿದ್ದಾರೆ’ ಎರಡಕ್ಕೂ ಅದೇ ‘ಅಲ್ಲಿ’. ಆದರೂ ಬಂದ ನೆಂಟರು ಬಾಗಿಲಿನ ಮರದೊಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಯಾವ ಕನ್ನಡಿಗನೂ ಗರಗಸ ತರಲ್ಲ. ಮೊದಲನೆಯದು ಇನ್, ಎರಡನೆಯದು ಆ್ಯಟ್. ಹೀಗೆ ಹೇಳಿಕೊಟ್ಟರೆ ಐದನೇ ಕ್ಲಾಸಿನ ಮಗುವಿಗೂ ಹತ್ತು ನಿಮಿಷದ ಕೆಲಸ.

ಎಲ್ಲವೂ ಇಷ್ಟು ಸಲೀಸಲ್ಲ, ಒಪ್ಪಿದೆ. ಕಾರಾದರೆ ಇನ್, ಬಸ್ಸಾದರೆ ಆನ್. ಬ್ರಿಟಿಷರು ‘ಇನ್ ದ ಸ್ಟ್ರೀಟ್’ ಅನ್ನುವ ಕಡೆ ಅಮೆರಿಕದವರು ‘ಆನ್ ದ ಸ್ಟ್ರೀಟ್’ ಅಂತಾರೆ. ನ್ಯೂಯಾರ್ಕಿನವರಂತೂ ಕ್ಯೂನಲ್ಲಿ ನಿಲ್ಲೋದನ್ನೂ ‘ಆನ್ ಲೈನ್’ ಅಂತಾರೆ. ಅಂಥ ಕ್ಲೈಂಟ್ ಕಾಲಿನಲ್ಲಿ ಹಾಗಂದರೆ ನಮ್ಮ ಪಂಡಿತರು ತಲೆಯಾಡಿಸ್ತಾರೆ, ಹಳ್ಳಿ ಹುಡುಗ ಅಂದರೆ ಷರಾ ಬರೀತಾರೆ.

ಫೈಲು ಯಾವ ಸರ್ವರಿನಲ್ಲಿದೆ ಅಂತ ಅವನು ಹೇಳಿದ್ದು ಅರ್ಥವಾಗದೆ ಪ್ರೊಡಕ್ಷನ್ ಬಿದ್ದರೆ ಆಗ ಬರೆಯಿರಿ ಸ್ವಾಮಿ, ‘ಕಮ್ಯುನಿಕೇಶನ್ ವೀಕ್’ ಅಂತ. ಅವನ ಅಪ್ಪ ಅಮ್ಮ ಹಳ್ಳಿಯಲ್ಲಿದ್ದಾರೆ ಅನ್ನೋದು ನಿಮಗೆ ಅರ್ಥವಾಗಿತ್ತು ತಾನೆ?